ಅಮ್ಮ ಸಮುದ್ರ ತೊಳೆದದ್ದು

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಆಗಿದ್ದವನು. ಏನಾದರೂ ಒಡೆದರೆ, ಉಕ್ಕಿದರೆ, ಹೊತ್ತಿಕೊಂಡರೆ ಮೊದಲು ಗಡಿಯಾರ ನೋಡಿ ಆಮೇಲೆ ಗಾಬರಿಯಾಗುವುದು ನನಗೆ ಉದ್ಯೋಗದಿಂದ ಅಂಟಿದ ರೋಗ. ಅವತ್ತು ಪ್ರಾಕ್ಟಿಕಲ್ ಕ್ಲಾಸು ರದ್ದಾಗಿ ಬೇಗ ಮನೆಗೆ ಬಂದೆ. ಹಿತ್ತಲಿನಿಂದ ವಚನ ಹಾಡುವ ದನಿ ಕೇಳಿಸಿತು. ಹೋಗಿ ನೋಡಿದರೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಹುಣಿಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ನನ್ನ ಮಾವ ಕುಮಟಾದಿಂದ ಕಳಿಸಿದ್ದ ಸಮುದ್ರದ ಕಲ್ಲುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಉಜ್ಜಿದ ಕಲ್ಲುಗಳು ಬಿಸಿಲಿನಲ್ಲಿ ಹಬ್ಬದ ತಂಬಿಗೆಗಳಂತೆ ಸಾಲಾಗಿ ಕುಳಿತು ಹೊಳೆಯುತ್ತಿದ್ದವು. ನಾನು ಗಡಿಯಾರ ನೋಡಿಕೊಂಡೆ. ಎಷ್ಟೋ ವರ್ಷಗಳ ಮೇಲೆ ಈಗಲೂ ಯಾರಾದರೂ ನಮ್ಮ ಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು ಕೇಳಿದರೆ ನಾನು ಮೊದಲು ಗಡಿಯಾರ ನೋಡುತ್ತೇನೆ.

ಬಟ್ಟೆ ಒಗೆಯುವ ಕಲ್ಲಿನವರೆಗೆ ಸಮುದ್ರ ಬಂದದ್ದು ಹೇಗೆಂದು ಹೇಳಬೇಕು. ಎಂಬತ್ತರ ದಶಕದ ಆರಂಭ. ತುಮಕೂರಿನ ಮರಳೂರಿನಲ್ಲಿ ನಮ್ಮದು ಬಾಡಿಗೆ ಮನೆ. ಅಮ್ಮ, ನಾನು, ನನ್ನ ಹೆಂಡತಿ ಪ್ರಭಾ, ಇಷ್ಟೇ ಜನ. ಪ್ರಭಾ ಕುಮಟಾದವಳು. ಮದುವೆಗೆ ಮುಂಚೆ ಎರಡು ದಿನಕ್ಕಿಂತ ಹೆಚ್ಚು ಸಮುದ್ರ ನೋಡದೆ ಇದ್ದವಳಲ್ಲ. ಅವಳಿಗೆ ಐದು ತಿಂಗಳು ತುಂಬಿದಾಗ ಅಮ್ಮ ಪದ್ಧತಿಯಂತೆ ಬಯಕೆ ಕೇಳಿದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ಅಮ್ಮನ ಗಟ್ಟಿ ನಂಬಿಕೆ. "ಏನು ಬೇಕು ಅನ್ನಿಸ್ತೈತೆ ಹೇಳವ್ವ, ನಾಚ್ಕೋಬೇಡ. ಗುಬ್ಬಿಯಿಂದ ನಮ್ಮಣ್ಣ ಎಳನೀರು ಕಳುಸ್ತಾನೆ. ಕಡುಬು ಬೇಕಾ? ಹುಣ್ಸೆ ತೊಕ್ಕು ಬೇಕಾ?" ಎಂದು ಕೇಳಿದಳು. ಪ್ರಭಾ ಸೆರಗಿನ ತುದಿ ನೋಡುತ್ತಾ, "ತಿನ್ನೂದು ಏನೂ ಬೇಡ ಅತ್ತೆ. ಒಂದ್ಸಲ ಸಮುದ್ರ ನೋಡ್ಬೇಕು ಅಂತ ಅನಿಸ್ತದೆ" ಎಂದಳು.

ಅಮ್ಮ ನನ್ನ ಕಡೆ ತಿರುಗಿದಳು. "ಸೋಮು, ನಮ್ಗೆ ಹತ್ತಿರ್ದಲ್ಲಿ ಯಾವ್ದೈತೋ?"

"ಯಾವ್ದೂ ಇಲ್ಲಮ್ಮ."

"ಅಮಾನಿಕೆರೆ ಆಗಾಕಿಲ್ವಾ? ಈ ಸಲ ತುಂಬೈತಂತೆ."

ಆ ಮಾತಿಗೆ ಪ್ರಭಾ ನಕ್ಕಳು. ನಕ್ಕವಳ ಕಣ್ಣಲ್ಲಿ ನೀರು ಬಂತು. ಏಳನೇ ತಿಂಗಳಿಗೆ ಹೇಗೂ ತವರಿಗೆ ಹೋಗುತ್ತಾಳೆ, ಚೊಚ್ಚಲ ಬಾಣಂತನ ಅಲ್ಲೇ, ಸಮುದ್ರ ಕಾದಿರುತ್ತದೆ ಎಂದು ನಾವು ಸಮಾಧಾನ ಮಾಡಿಕೊಂಡೆವು. ಆದರೆ ಮುಂದಿನ ಸಲ ಪರೀಕ್ಷೆ ಮಾಡಿದ ಲೇಡಿ ಡಾಕ್ಟರು ಅದನ್ನೂ ಕಿತ್ತುಕೊಂಡರು. ಬಸ್ಸು ಕೂಡದು, ಘಟ್ಟ ಇಳಿಯುವುದು ಕೂಡದೇ ಕೂಡದು, ಹೆರಿಗೆ ಇಲ್ಲೇ ಆಗಬೇಕು, ಅಲ್ಲಿಯವರೆಗೆ ಆದಷ್ಟು ಮಲಗಿಯೇ ಇರಬೇಕು. ಪ್ರಭಾ ಹೂಂ ಎಂದು ತಲೆಯಾಡಿಸಿ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಎರಡು ದಿನ ಆ ಗೋಡೆಯನ್ನೇ ನೋಡಿದಳು. ಆಗ ನನ್ನ ತಲೆಗೆ ಬಂದದ್ದು, ಸಮುದ್ರವನ್ನೇ ಆ ಗೋಡೆಯ ಹತ್ತಿರ ತಂದಿಟ್ಟರೆ ಹೇಗೆ?

ನನ್ನ ಸ್ನೇಹಿತ ಪುಟ್ಟಸ್ವಾಮಿ ನಮ್ಮ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರದ ಮೇಷ್ಟರು. ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದು ಹೋಗುವವನು. ಆದ್ದರಿಂದ ಅವನ ಜ್ಞಾನವೆಲ್ಲ ನಾಲ್ಕೂವರೆ ಬಸ್ಸಿನೊಳಗೆ ಮುಗಿಯಬೇಕು. ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿ ಅವತ್ತೇ ಮೀನು ಬಿಡುತ್ತೇನೆಂದು ನಾನು ಹೇಳಿದಾಗ ಅವನು ಬಸ್ಸು ಬಿಟ್ಟರೂ ಪರವಾಗಿಲ್ಲ ಎನ್ನುವಂತೆ ಕುಳಿತ. "ಕೊಲೆ ಆಯ್ತದೆ ಕಣಯ್ಯಾ. ಮೀನು ಗಲೀಜು ಮಾಡ್ತದೆ, ಅದು ಅಮೋನಿಯಾ ಆಯ್ತದೆ, ಅದೇ ವಿಷದಲ್ಲಿ ಮೀನು ಸಾಯ್ತದೆ. ಆ ವಿಷ ತಿನ್ನೋ ಸೂಕ್ಷ್ಮಜೀವಿಗಳು ಮೊದ್ಲು ಕಲ್ಲು, ಮರಳಿನ ಮೇಲೆ ಸಂಸಾರ ಹೂಡ್ಬೇಕು. ಅವು ತಿಂದು ಬಿಟ್ಟಿದ್ದು ಇನ್ನೊಂದು ವಿಷ. ಅದ್ನ ತಿನ್ನಾಕೆ ಇನ್ನೊಂದು ಜಾತಿಯೋವು ಬರ್ಬೇಕು. ನಲವತ್ತು ದಿನ ಬರೀ ನೀರು, ಗಾಳಿ. ಮೀನಿನ ಹೆಸ್ರು ಎತ್ಬೇಡ."

"ಮೀನೇ ಇಲ್ದಿದ್ರೆ ಆ ಜೀವಿಗಳು ಏನು ತಿಂತವೆ?" ಎಂದೆ.

"ಅದಕ್ಕೊಂದು ಸತ್ತ ಸೀಗಡಿ ಹಾಕು. ಒಳಗೇ ಕೊಳೀಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಮ್ಮ ಲಿಂಗಪೂಜೆ ಆಗದೆ ಒಂದು ಹನಿ ನೀರು ಮುಟ್ಟುವವಳಲ್ಲ. ಪೂಜೆ ಮಾಡುವ ಜಾಗದಿಂದ ಎಂಟು ಅಡಿ ದೂರದಲ್ಲಿ ಸೀಗಡಿ ಕೊಳೆಯಿತೆಂದರೆ ಆಮೇಲೆ ಕೊಳೆಯುವುದು ನಾನು. ಕೊನೆಗೆ ಕೆಮಿಸ್ಟ್ರಿ ನನ್ನ ಕೈ ಹಿಡಿಯಿತು. ಸೀಗಡಿಯಿಂದ ಹುಟ್ಟುವ ಅಮೋನಿಯಾವನ್ನು ಚಿಟಿಕೆ ನವಸಾಗರವೂ ಕೊಡುತ್ತದೆ. ಅಪ್ಪಟ ಸಸ್ಯಾಹಾರಿ ಉಪಾಯ. ಮೊದಲ ದಿನ ನಾನು ಪೊಟ್ಟಣ ಬಿಚ್ಚಿ ನೀರಿಗೆ ಹಾಕುವುದನ್ನು ನೋಡಿ ಅಮ್ಮ, "ಅಯ್ಯೋ, ಕಲಾಯಿ ಹಾಕೋನು ತಪ್ಪಲೆಗೆ ಉದುರ್ಸೋದು ಇದೇ ಅಲ್ವೇನ್ಲಾ? ಸಮುದ್ರಕ್ಕೂ ಕಲಾಯಿ ಹಾಕುಸ್ತಾ ಇದೀಯಾ?" ಎಂದಳು.

ಮಾವ ಪ್ರೈಮರಿ ಶಾಲೆಯ ಮಾಸ್ತರರು. ಮಗಳಿಗೆ ಎಂದೊಡನೆ ತುಮಕೂರಿಗೆ ಹೆಂಚು ತರುವ ಲಾರಿಯಲ್ಲಿ ಎಂಟು ಕ್ಯಾನು ಸಮುದ್ರದ ನೀರು, ಒದ್ದೆ ಗೋಣಿಯಲ್ಲಿ ಕಟ್ಟಿದ ಮರಳು, ಕಲ್ಲು ಎಲ್ಲ ಕಳಿಸಿದರು. ಆರು ಕ್ಯಾನಿಗೆ ತೊಟ್ಟಿ ತುಂಬಿತು, ಎರಡು ಕ್ಯಾನು ಮಂಚದ ಕೆಳಗೆ ಸೇರಿದವು. ಗಾಳಿ ಪಂಪು ಗುಳುಗುಳು ಎಂದಿತು. ಪ್ರಭಾ ಗೋಡೆ ಬಿಟ್ಟು ಈ ಕಡೆ ಹೊರಳಿದಳು. ಮೂಗು ಹತ್ತಿರ ತಂದು, "ಅಪ್ಪಯ್ಯನ ಅಂಗಿ ವಾಸನೆ" ಎಂದಳು. ಅಷ್ಟಕ್ಕೇ ನನ್ನ ಖರ್ಚೆಲ್ಲ ವಸೂಲಾಯಿತು.

ಮೀನಿಲ್ಲದ ಮೀನಿನ ತೊಟ್ಟಿ ಇಟ್ಟುಕೊಂಡು ನಲವತ್ತು ದಿನ ಸಂಸಾರ ಮಾಡುವುದು ಸುಲಭವಲ್ಲ. ಬಂದವರೆಲ್ಲ ಬಗ್ಗಿ ನೋಡುವರು. "ಎಲ್ಲಿ ಮೀನು?" "ಇನ್ನೂ ಬಂದಿಲ್ಲ." "ಮತ್ತೆ ಪಂಪು ಯಾಕೆ ಓಡ್ತಾ ಐತೆ?" "ನೀರು ಹದ ಆಗ್ತಿದೆ." ಅವರು ನನ್ನನ್ನು ಕನಿಕರದಿಂದ ನೋಡಿ, ಕಾಫಿ ಕುಡಿದು, ಅಮ್ಮನನ್ನು ಅದಕ್ಕಿಂತ ಹೆಚ್ಚಿನ ಕನಿಕರದಿಂದ ನೋಡಿ ಹೋಗುವರು. ನಾನು ದಿನಾ ಒಂದು ಪ್ರನಾಳದಲ್ಲಿ ನೀರು ತುಂಬಿಕೊಂಡು ಲ್ಯಾಬಿಗೆ ಹೋಗಿ ಪರೀಕ್ಷೆ ಮಾಡುತ್ತಿದ್ದೆ. ಮೊದಲ ವಿಷ ಇದ್ದರೆ ಹಳದಿ, ಎರಡನೆಯದು ಇದ್ದರೆ ಗುಲಾಬಿ. ಹಳದಿ ಏರಿ ಇಳಿಯಿತು, ಗುಲಾಬಿ ಏರಿ ಇಳಿಯತೊಡಗಿತು. ಮೂರನೇ ವಾರದ ಹೊತ್ತಿಗೆ ಕಲ್ಲಿನ ಮೇಲೆ, ಗಾಜಿನ ಮೇಲೆ ಕಂದು ಬಣ್ಣದ ಲೋಳೆ ಹಬ್ಬಿತು. ಅದನ್ನು ನೋಡಲೆಂದೇ ಪುಟ್ಟಸ್ವಾಮಿ ಒಂದು ದಿನ ಬಸ್ಸು ಬಿಟ್ಟು ಬಂದ. "ಆಹಾ, ಏನ್ ಚೆನ್ನಾಗಿ ಹಿಡಿದದೆ ಲೋಳೆ!" ಎಂದು ಹೊಸ ಸೀರೆ ಹೊಗಳಿದಂತೆ ಹೊಗಳಿದ. ಅಮ್ಮ ಅವನಿಗೆ ಉಪ್ಪಿಟ್ಟು ಕೊಟ್ಟಳು, ಮಾತು ಕೊಡಲಿಲ್ಲ. ಮೂವತ್ತೆಂಟನೆಯ ದಿನ ಪ್ರನಾಳದಲ್ಲಿ ಯಾವ ಬಣ್ಣವೂ ಮೂಡಲಿಲ್ಲ. ಅಷ್ಟರೊಳಗೇ ಮಾವನಿಗೆ ಕಾಗದ ಹೋಗಿತ್ತು, ಉತ್ತರವೂ ಬಂದಿತ್ತು. ಭಾನುವಾರ ಬೆಳಿಗ್ಗೆ ಬರುತ್ತೇನೆ, ಬಂಡೆಗಳ ನಡುವಿನ ಹೊಂಡದಲ್ಲಿ ಹಿಡಿದ ಹಳದಿ-ಕಪ್ಪು ಪಟ್ಟೆಯ ಎರಡು ಪುಟ್ಟ ಮೀನು ತರುತ್ತೇನೆ ಎಂದು ಬರೆದಿದ್ದರು.

ನಾನು ಮಾಡಿದ ತಪ್ಪೆಂದರೆ ಆ ಕಾಗದವನ್ನು ಗಟ್ಟಿಯಾಗಿ ಓದಿದ್ದು. ನನ್ನ ಕಿವಿಗೆ ಅದರಲ್ಲಿ ಬಿದ್ದದ್ದು ಮೀನು. ಅಮ್ಮನ ಕಿವಿಗೆ ಬಿದ್ದದ್ದು ಬೀಗರು. ಬೀಗರು ಬರುತ್ತಾರೆಂದರೆ ನಮ್ಮಲ್ಲಿ ಅಟ್ಟದ ಮೇಲಿನ ಹಂಡೆ ಕೂಡ ಕೆಳಗಿಳಿದು ಸ್ನಾನ ಮಾಡುತ್ತದೆ. ಅದರಲ್ಲೂ ಶುಕ್ರವಾರ, ಮನೆಯಲ್ಲಿ ಹಿಡಿದಿಟ್ಟ ಹಳೆ ನೀರನ್ನೆಲ್ಲ ಚೆಲ್ಲಿ, ತೊಳೆದು, ಹೊಸ ನೀರು ತುಂಬುವ ದಿನ. ಮಗಳನ್ನು ನೋಡಲು ಬರುವ ತಂದೆಯ ಕಣ್ಣಿಗೆ ಅವಳ ಮಂಚದ ಪಕ್ಕದಲ್ಲೇ ಪಾಚಿ ಕಟ್ಟಿದ ನೀರು ಬೀಳುವುದೇ? ನಾನು ಕಾಲೇಜಿಗೆ ಹೋದ ಮೇಲೆ ಅಮ್ಮ ಪಂಪು ನಿಲ್ಲಿಸಿ ಕೆಲಸಕ್ಕೆ ಇಳಿದಿದ್ದಳು.

"ಏನ್ಲಾ, ಹಂಗ್ಯಾಕೆ ಗರ ಬಡ್ದೋನಂಗೆ ನಿಂತ್ಕಂಡೆ? ನೋಡು, ಎಂಗ್ ಹೊಳೀತಾವೆ! ಗಾಜೂ ಸೀಗೆಪುಡಿ ಹಾಕಿ ಉಜ್ಜಿ, ನಲ್ಲಿ ನೀರು ತುಂಬಿಟ್ಟಿವ್ನಿ. ಉಪ್ಪು ಬೇಕಲ್ಲಾಂತ ಕಲ್ಲುಪ್ಪು ಎರಡು ಸೇರು ಹಾಕಿವ್ನಿ. ರುಚಿ ನೋಡು, ಸರಿಯಾಗೈತೆ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಲವತ್ತು ದಿನದ ಸಂಸಾರ ಅಂದೆ, ಕೋಟಿಗಟ್ಟಲೆ ಜೀವ ಅಂದೆ, ಬಿ.ಎಸ್ಸಿ. ಪುಸ್ತಕದ ನಾಲ್ಕು ಪುಟ ಒಂದೇ ಉಸಿರಿನಲ್ಲಿ ಅಂದೆ. ಅಮ್ಮನ ಮುಖ ಸ್ವಲ್ಪ ಸ್ವಲ್ಪವೇ ಸಣ್ಣದಾಯಿತು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ಹಂಗಾರೆ ಭಾನುವಾರ ಬರೋ ಮೀನು ಸಾಯ್ತಾವಾ?"

"ಬಹುಶಃ."

ಅವಳು ಕೈಯಲ್ಲಿದ್ದ ನಾರು ಕೆಳಗಿಟ್ಟಳು. ಬಸುರಿಯ ಕಣ್ಣೆದುರಿಗೆ ಮನೆಯಲ್ಲಿ ಜೀವ ಹೋಗಬಾರದು. ಅದು ನನಗೂ ಗೊತ್ತಿದ್ದ ಮಾತು. ಕಾಲೇಜಿನಲ್ಲಾದರೆ ಮೂಢನಂಬಿಕೆ ಎನ್ನುತ್ತಿದ್ದೆ. ಹಿತ್ತಲಿನಲ್ಲಿ ಜೇಬು ತಡಕಿ ಟ್ರಂಕ್ ಕಾಲಿಗೆ ದುಡ್ಡಿದೆಯೇ ಎಂದು ನೋಡಿದೆ. ಅವಳು ದನಿ ತಗ್ಗಿಸಿ, "ಪ್ರಭಾಗೆ ಹೇಳ್ಬೇಡ ಕಣೋ. ಪಾಪ, ಒಳಗೆ ಮಲಗವ್ಳೆ" ಎಂದಳು.

ಮೀನು ತರಬೇಡಿ ಎನ್ನಲು ಅಂಚೆ ಕಚೇರಿಗೆ ಓಡಿ ಮಾವನ ಮನೆಯ ಪಕ್ಕದ ಅಂಗಡಿಗೆ ಟ್ರಂಕ್ ಕಾಲ್ ಹಾಕಿದೆ. ಎರಡು ಗಂಟೆ ಕಾದ ಮೇಲೆ ಸಿಕ್ಕಿತು. "ಮಾಸ್ತರರು ಬೆಳಿಗ್ಗೆನೇ ಹೊರಟ್ರಲ್ಲ! ಶಿರಸಿಯಲ್ಲಿ ತಂಗಿ ಮನೇಲಿ ಉಳ್ದು ಬರ್ತಾರಂತೆ. ಕೈಯಲ್ಲಿ ಮೀನಿನ ಡಬ್ಬಿ ಇತ್ತು" ಎಂದು ಅಂಗಡಿಯವರು ಸಂತೋಷದಿಂದ ಹೇಳಿದರು. ಮನೆಗೆ ವಾಪಸು ಬರುವಾಗ ಮತ್ತೊಂದು ವಿಷಯ ಹೊಳೆಯಿತು. ಕಲ್ಲು ಉಜ್ಜಿದಳು ಸರಿ, ಮರಳು ಎಲ್ಲಿ ಹೋಯಿತು?

"ತೆಂಗಿನ ಬುಡಕ್ಕೆ ಹಾಕ್ದೆ" ಎಂದಳು ಅಮ್ಮ. "ನೀರೂ ಅಲ್ಲಿಗೇ ಸುರಿದೆ. ತೆಂಗಿಗೆ ಉಪ್ಪು ಒಳ್ಳೇದಲ್ವಾ?"

ಗುಬ್ಬಿಯ ಕಡೆ ಹುಟ್ಟಿದವರಿಗೆ ಪ್ರಪಂಚದಲ್ಲಿ ಯಾವ ಪದಾರ್ಥ ಉಳಿದರೂ ತೆಂಗಿನ ಬುಡ ನೆನಪಾಗುತ್ತದೆ. ಅವತ್ತು ನಾನು ಗುಬ್ಬಿಗೆ ಕೈ ಮುಗಿದೆ. ಮನೆಯ ಓನರ್ ಕಟ್ಟಿಸಿದ ಪಾತಿಯಲ್ಲಿ, ಮರದ ನೆರಳಿನಲ್ಲಿ, ಆ ಮರಳು ಸಮುದ್ರದ ನೀರಿನಲ್ಲಿ ನೆಂದು ಇನ್ನೂ ತಣ್ಣಗೆ ಒದ್ದೆಯಾಗಿ ಬಿದ್ದಿತ್ತು. ನಲವತ್ತು ದಿನದ ಸಂಸಾರದಲ್ಲಿ ಅರ್ಧವಾದರೂ ಅದರಲ್ಲಿ ಉಸಿರು ಹಿಡಿದುಕೊಂಡಿರಬಹುದು. ತಾಯಿ ಮಗ ಇಬ್ಬರೂ ಬಗ್ಗಿ ಅದನ್ನು ಬೊಗಸೆಯಲ್ಲಿ ಎತ್ತಿದೆವು. ಅಮ್ಮ ಗೆದ್ದಲು ಹಿಡಿದ ಗರಿಯ ಚೂರು, ಇರುವೆ, ಕಸ ಎಲ್ಲ ಹೋಗುವಂತೆ ಅಕ್ಕಿ ಜರಡಿಯಲ್ಲಿ ಹಿಡಿದಳು. "ಸಾಯ್ಬೇಡ್ರಪ್ಪಾ, ನಂಗೆ ಗೊತ್ತಾಗ್ಲಿಲ್ಲ" ಎಂದು ಮರಳಿಗೆ ಹೇಳುತ್ತಲೇ ಇದ್ದಳು. ಅವಳು ಮಾಡಿಟ್ಟ ಸಾರಿನಂಥ ಸಮುದ್ರವನ್ನು ಚೆಲ್ಲಿ, ತಳಕ್ಕೆ ಆ ಮರಳು ಹಾಸಿ, ಮಂಚದ ಕೆಳಗಿನ ಎರಡು ಕ್ಯಾನು ಸುರಿದೆ. ತೊಟ್ಟಿ ಮೂರನೇ ಒಂದು ಭಾಗ ತುಂಬಿತು. ಪ್ರಭಾ ಎದ್ದು ಬಂದು ನೋಡಿ, "ನೀರು ಇಷ್ಟೇ ಯಾಕೆ ಇದೆ?" ಎಂದಳು. "ಇಳಿತ ಅಂದ್ಕೋ" ಎಂದೆ. ಸಮುದ್ರದ ದಂಡೆಯಲ್ಲಿ ಹುಟ್ಟಿದವಳಿಗೆ ಇಳಿತದ ಬಗ್ಗೆ ಹೇಳಿದ ಧೈರ್ಯ ನನ್ನದು. ಅವಳು ಒಂದು ಸಲ ಹಿತ್ತಲಿನ ಕಿಟಕಿಯ ಕಡೆ ನೋಡಿ ಹೋಗಿ ಮಲಗಿದಳು.

ಭಾನುವಾರ ಮಾವ ಬಂದರು. ಎರಡು ದಿನದ ದಾರಿಯುದ್ದಕ್ಕೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ನಿಂತಲ್ಲೆಲ್ಲ ಮುಚ್ಚಳ ತೆಗೆದು ಕೈಯಿಂದ ನೀರು ಕದಡುತ್ತಾ ಬಂದಿದ್ದರು. ಮೀನು ಎರಡೂ ಹೆಬ್ಬೆರಳಷ್ಟು. ತೊಟ್ಟಿಗೆ ಬಿಟ್ಟೊಡನೆ ಪಟ್ಟೆ ಮೆರೆಸುತ್ತಾ ಒಂದು ಸುತ್ತು ಬಂದವು. ಪ್ರಭಾ ಅಪ್ಪನ ತೋಳು ಹಿಡಿದುಕೊಂಡು ನೋಡಿದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೀನನ್ನು ನೋಡಲಿಲ್ಲ, ಪ್ರಭಾಳನ್ನು ನೋಡಿದಳು. ಮಾವ ಎರಡು ದಿನವಿದ್ದು ಹೊರಡುವಾಗ ಅವರನ್ನು ಹಿತ್ತಲಿಗೆ ಕರೆದು, "ಬೀಗ್ರೇ, ನಂದೊಂದು ತಪ್ಪಾಗೈತೆ" ಎಂದು ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಅವರು ಇನ್ನೂ ಅಲ್ಲೇ ಸಾಲಾಗಿದ್ದ ಹೊಳೆಯುವ ಕಲ್ಲುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, "ಇವಕ್ಕೆ ಹುಟ್ಟಿದಂದಿನಿಂದ ಯಾರೂ ಇಷ್ಟು ಚೆಂದ ಸ್ನಾನ ಮಾಡ್ಸಿರ್ಲಿಲ್ಲ, ತಂಗೀ" ಎಂದರು. ಇನ್ನೂ ನಾಲ್ಕು ಕ್ಯಾನು ಕಳಿಸುತ್ತೇನೆಂದು ಹೇಳಿ ಹೋದರು.

ಆಮೇಲಿನ ದಿನಗಳಲ್ಲಿ ನನ್ನ ಕೆಲಸ ಇಷ್ಟೇ. ಬೆಳಿಗ್ಗೆ ಎದ್ದು ಮೊದಲು ತೊಟ್ಟಿಯ ತಳ ನೋಡುವುದು, ಅಲ್ಲಿ ಏನೂ ಬಿದ್ದಿಲ್ಲವೆಂದು ಖಚಿತವಾದ ಮೇಲೆ ಉಸಿರು ಬಿಡುವುದು. ಪ್ರನಾಳ ತುಸು ಹಳದಿಯಾಯಿತು, ಮರುದಿನ ಇನ್ನೂ ತುಸು. ಮೀನಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಮಾತ್ರ ಆಹಾರ ಎಂದು ಪುಟ್ಟಸ್ವಾಮಿ ಕಟ್ಟಪ್ಪಣೆ ಮಾಡಿದ್ದ. ಅಮ್ಮನಿಗೆ ಅದೊಂದು ಕೊರಗು. "ಬಸುರಿ ಇರೋ ಮನೇಲಿ ಉಪವಾಸ ಕೆಡವ್ತಾನಲ್ಲಪ್ಪಾ, ಕುಣಿಗಲ್ಲಿನೋನು" ಎಂದು ಬೈಯುವಳು. ಆದರೆ ಒಂದು ಕಾಳು ಹಾಕಲಿಲ್ಲ. ಒಂದು ಸಲ ತೊಳೆದ ಕೈ ಮತ್ತೆ ತೊಟ್ಟಿಯ ಹತ್ತಿರ ಸುಳಿಯಲು ಹೆದರುತ್ತಿತ್ತು. ರಾತ್ರಿ ಅವಳೂ ನಾನೂ ಸರದಿಯ ಮೇಲೆ ಎದ್ದು ಪಂಪಿನ ಸದ್ದು ಕೇಳಿ ಮಲಗುತ್ತಿದ್ದೆವು. ಒಬ್ಬರ ಸರದಿಯ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿಲ್ಲದ್ದರಿಂದ ಇಬ್ಬರೂ ಎರಡು ಸರದಿಯಲ್ಲೂ ಎದ್ದಿರುತ್ತಿದ್ದೆವು.

ಹತ್ತನೆಯ ದಿನ ಮಧ್ಯಾಹ್ನ ಕಾಲೇಜಿನಲ್ಲಿ ಕರೆಂಟು ಹೋಯಿತು. ಅಲ್ಲಿ ಹೋದರೆ ಮರಳೂರಿನಲ್ಲೂ ಹೋಗಿರುತ್ತದೆ. ಪಂಪು ನಿಂತರೆ ಅಷ್ಟು ಕಡಿಮೆ ನೀರಿನಲ್ಲಿ, ಅಷ್ಟು ವಿಷದಲ್ಲಿ, ಆ ಸೆಕೆಯಲ್ಲಿ ಮೀನು ಎಷ್ಟು ಹೊತ್ತು ತಡೆದಾವು? ಹುಡುಗರ ಕೈಗೆ ಬ್ಯುರೆಟ್ಟು ಕೊಟ್ಟು, ಪ್ರಿನ್ಸಿಪಾಲರಿಗೆ ಹೇಳದೆ ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ, ತೇಲುವ ಎರಡು ಪಟ್ಟೆ, ಅದನ್ನು ನೋಡುವ ಪ್ರಭಾ. ಮನೆಗೆ ಬಂದು ಬಾಗಿಲು ತಳ್ಳಿದೆ.

ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಚೊಂಬು. ತೊಟ್ಟಿಯಿಂದ ನೀರು ಮೊಗೆದು, ತಲೆಯ ಮಟ್ಟಕ್ಕೆ ಎತ್ತಿ, ಬಿಸಿ ಕಾಫಿ ಆರಿಸುವವರು ಲೋಟದಿಂದ ಲೋಟಕ್ಕೆ ಸುರಿಯುವಂತೆ ಸಣ್ಣ ಧಾರೆಯಾಗಿ ಮತ್ತೆ ತೊಟ್ಟಿಗೆ ಬಿಡುತ್ತಿದ್ದಳು. ಧಾರೆ ಬಿದ್ದಲ್ಲೆಲ್ಲ ನೊರೆ, ನೊರೆಯ ಕೆಳಗೆ ಗುಳ್ಳೆ. ಗುಳ್ಳೆಯ ಹತ್ತಿರ ಎರಡು ಮೀನೂ ಬಾಯಿ ಮೇಲೆ ಮಾಡಿ ನಿಂತು ಉಸಿರಾಡುತ್ತಿದ್ದವು. ಪಕ್ಕದ ಮಂಚದಲ್ಲಿ ಪ್ರಭಾ ಮಗ್ಗುಲಾಗಿ ಮಲಗಿ, "ಆರ್ನೂರ ಹನ್ನೆರಡು, ಆರ್ನೂರ ಹದಿಮೂರು" ಎಂದು ಎಣಿಸುತ್ತಿದ್ದಳು.

"ಯಾವಾಗಿಂದ ಅಮ್ಮ?"

"ಕರೆಂಟು ಹೋದಾಗ್ಲಿಂದ. ಪಂಪು ಗುಳುಗುಳು ಅನ್ಸೋದು ಗಾಳಿ ತಾನೇ? ಎತ್ತಿ ಸುರುದ್ರೂ ಗಾಳಿ ಸೇರ್ತದೆ, ಕಾಫಿಗೆ ಸೇರಂಗಿಲ್ವಾ? ಸುಮ್ನೆ ಮಾತಾಡಿಸ್ಬೇಡ, ಧಾರೆ ತಪ್ತದೆ."

ಚೊಂಬು ಕೊಡು ಎಂದರೆ ಕೊಡಲಿಲ್ಲ. ಅವಳ ಬಲತೋಳು ಭುಜದಿಂದ ಬೆರಳಿನವರೆಗೆ ನಡುಗುತ್ತಿತ್ತು. ಸೀರೆಯ ಎದೆಭಾಗವೆಲ್ಲ ಉಪ್ಪುನೀರಿನಲ್ಲಿ ಒದ್ದೆ, ಹಣೆಯ ವಿಭೂತಿ ಬೆವರಿನಲ್ಲಿ ಕಲಸಿಹೋಗಿತ್ತು. ನಾನು ಜೋರು ಮಾಡಿದ ಮೇಲೆ ಇಳಿದು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಕುಳಿತಳು. ನಾನು ಸುರಿಯತೊಡಗಿದೆ. ಪ್ರಭಾ ಎಣಿಕೆ ನಿಲ್ಲಿಸಿ ಮೆಲ್ಲಗೆ ಹೇಳಿದಳು. "ಅವತ್ತು ಶುಕ್ರವಾರ ನಾನು ಮಲಗಿರ್ಲಿಲ್ಲ ರೀ. ಕಿಟಕಿಯಿಂದ ನೋಡ್ದೆ, ಅತ್ತೆ ಕಲ್ಲು ತಿಕ್ತಾ ಇದ್ರು. ಅಪ್ಪಯ್ಯ ಬರ್ತಾರೆ ಅಂತ ಅಷ್ಟು ಖುಷಿಯಲ್ಲಿ ಹಾಡು ಹೇಳ್ತಾ ಇದ್ರು. ಹೇಗೆ ಬೇಡ ಅನ್ಲಿ? ಮೀನು ಹೋದ್ರೆ ಹೋಗ್ಲಿ ಅಂದ್ಕೊಂಡೆ. ಈಗ ಮಾತ್ರ ಹೋಗ್ಬಾರ್ದು. ಹೋದ್ರೆ ಅತ್ತೆ ತಡ್ಕೊಳ್ಳೂದಿಲ್ಲ."

ಅಲ್ಲಿಯವರೆಗೆ ನಾವು ಮೀನನ್ನು ಕಾಯುತ್ತಿದ್ದೆವೆಂದು ನಾನು ತಿಳಿದಿದ್ದೆ. ಕರೆಂಟು ಐದೂ ಕಾಲಿಗೆ ಬಂತು. ಮೀನು ಎರಡೂ ಉಳಿದವು. ಅಮ್ಮ ಆ ಕೈಯಿಂದ ನಾಲ್ಕು ದಿನ ರೊಟ್ಟಿ ತಟ್ಟಲಾರದೆ ಹೋದಳು. ಪ್ರಭಾ ಮಲಗಿದಲ್ಲೇ ಅವಳ ತೋಳು ನೀವಿದಳು, ಅಮ್ಮ ಬೇಡ ಬೇಡ ಎನ್ನುತ್ತಾ ನೀವಿಸಿಕೊಂಡಳು.

ಹೆಂಚಿನ ಲಾರಿಯಲ್ಲಿ ನಾಲ್ಕು ಕ್ಯಾನು ಬಂದವು, ಹಿತ್ತಲಿನ ಕಲ್ಲುಗಳೂ ಮತ್ತೆ ಒಳಗೆ ಬಂದವು. ತೊಟ್ಟಿ ತುಂಬಿತು. ತೆಂಗಿನ ಬುಡ ನೋಡಿ ಬಂದ ಮರಳಿನಲ್ಲಿ ಮತ್ತೆ ಸಂಸಾರ ಬೆಳೆಯಿತು. ಹಳದಿ ಇಳಿಯಿತು, ಗುಲಾಬಿ ಏರಿತು, ಹಟ ಹಿಡಿದು ವಾರಗಟ್ಟಲೆ ನಿಂತಿತು. ಕಲ್ಲುಗಳಿಗೆ ಮತ್ತೆ ಕಂದು ಲೋಳೆ ಹಿಡಿದಾಗ ಅಮ್ಮನೇ ನನ್ನನ್ನು ಕರೆದು, "ನೋಡ್ಲಾ, ಬಂತು!" ಎಂದು ತೋರಿಸಿದಳು. ಪುಟ್ಟಸ್ವಾಮಿಗೆ ಅವತ್ತು ಮಾತೂ ಉಪ್ಪಿಟ್ಟೂ ಎರಡೂ ಸಿಕ್ಕವು. ಕೊನೆಗೆ ಒಂದು ಗುರುವಾರ ಸಂಜೆ ಪ್ರನಾಳದಲ್ಲಿ ಹಳದಿಯೂ ಇರಲಿಲ್ಲ, ಗುಲಾಬಿಯೂ ಇರಲಿಲ್ಲ. ಮೂರು ಸಲ ಮಾಡಿ ನೋಡಿದೆ. ಅದನ್ನು ಹಾಗೆಯೇ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು ಇಬ್ಬರಿಗೂ ತೋರಿಸಿದೆ. ಬರೀ ನೀರು ನೋಡಿ ಮೂವರು ಅಷ್ಟು ಸಂತೋಷಪಟ್ಟದ್ದು ಆ ಬೀದಿಯಲ್ಲಿ ನಾವೇ ಇರಬೇಕು. ಅವತ್ತು ಒಂಬತ್ತು ಗಂಟೆಗೆ ದೀಪ ಆರಿಸಿದೆವು. ಯಾರೂ ಏಳಲಿಲ್ಲ, ಯಾರೂ ಪಂಪಿಗೆ ಕಿವಿಗೊಡಲಿಲ್ಲ. ಇಡೀ ಮನೆ ಬೆಳಗಿನವರೆಗೆ ನಿದ್ದೆ ಮಾಡಿತು.

ಬೆಳಗಿನವರೆಗೆ ಎಂದರೆ, ಅವರಿಬ್ಬರು ಐದು ಗಂಟೆಯವರೆಗೆ. ನಾನು ಏಳೂವರೆಯವರೆಗೆ. ಎದ್ದು ನೋಡಿದರೆ ಮನೆಯಲ್ಲಿ ಮೀನು ಬಿಟ್ಟರೆ ಯಾರೂ ಇಲ್ಲ. ಮುಂಬಾಗಿಲಲ್ಲಿ ಮನೆಯ ಓನರ್ ನಿಂತು, "ಬೇಗ ಹೋಗಿ ಮೇಷ್ಟ್ರೇ, ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಆಟೋ ನಾನೇ ಕರೆದೆ. ನಿಮ್ಮನ್ನ ಎಬ್ಬುಸಿ ಎಬ್ಬುಸಿ ಸಾಕಾಯ್ತು" ಎಂದರು. ನಾನು ಸೇರುವಷ್ಟರಲ್ಲಿ ಹೆಣ್ಣುಮಗು ಹುಟ್ಟಿ ಬಟ್ಟೆ ಸುತ್ತಿಸಿಕೊಂಡು ಅಮ್ಮನ ತೊಡೆಯ ಮೇಲಿತ್ತು. ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಂದೆಯಾ? ನಿದ್ದೆ ಆಯ್ತಾ ಸಾಹೇಬ್ರದು?" ಎಂದಳು.

ತಲೆ ತಗ್ಗಿಸಿಕೊಂಡು ಪ್ರಭಾಳ ಹತ್ತಿರ ಹೋಗಿ ಕ್ಷಮಿಸು ಎಂದೆ. ಅವಳು ಸುಸ್ತಾದ ಮುಖದಲ್ಲೇ ನಕ್ಕಳು. "ನೋವು ಬಂದಾಗ ಮೊದ್ಲು ನಿಮ್ಮನ್ನೇ ಎಬ್ಬಿಸ್ದೆ. ಕಣ್ಣು ಬಿಡದೆ ನನ್ನ ತಲೆ ಸವರಿ, 'ಎಲ್ಲ ತಿಳಿಯಾಗಿದೆ, ಯಾರಿಗೂ ಏನೂ ಆಗೂದಿಲ್ಲ, ಹೆದರ್ಬೇಡ' ಅಂದ್ರಿ. ಆಮೇಲೆ ಅತ್ತೆ ಬಂದ್ರು. ದಾರೀಲಿ ಆಟೋ ಎತ್ತಿ ಹಾಕುವಾಗೆಲ್ಲ ನಿಮ್ಮ ಆ ಮಾತೇ ಹೇಳ್ಕೊಳ್ತಾ ಇದ್ದೆ" ಎಂದಳು. ನಾನು ನಿದ್ದೆಯಲ್ಲಿ ಹೇಳಿದ್ದು ಪ್ರನಾಳದ ನೀರಿನ ವಿಷಯವಿರಬೇಕು ಎಂದು ಆಮೇಲೂ ಅವಳಿಗೆ ತಿಳಿಸಲಿಲ್ಲ. ನಮ್ಮ ಸಂಸಾರದಲ್ಲಿ ಇಷ್ಟು ವರ್ಷಕ್ಕೆ ನಾನು ಆಡಿದ ಒಂದೇ ಒಂದು ಧೈರ್ಯದ ಮಾತು ಅದು. ಆಡುವಾಗ ನನಗೆ ಎಚ್ಚರವಿರಲಿಲ್ಲ.